ಹಳೆ ಸೀರೆಯ ಕೌದಿ: ಮನೆಯವರಿಗೂ ದಾನಕ್ಕೂ ಕೈಯಾರೆ ಹೊಲಿಯುವ ಸಮಗ್ರ ಮಾರ್ಗದರ್ಶಿ

ಹಳೆ ಬಟ್ಟೆಯನ್ನು ಪದರ ಪದರ ಹಾಸಿ ಹೊಲಿಯುವ ಹೊದಿಕೆಯೇ ಕೌದಿ. ಅದನ್ನು ಹೊಲಿಯಬೇಕು ಅಂತ ಮನಸ್ಸು ಮಾಡಿದವರು ಸಾಮಾನ್ಯವಾಗಿ ಹಳೆ ಸೀರೆಗಳ ಗಂಟು ಬಿಚ್ಚಿ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಒಪ್ಪುತ್ತದೆ ಅಂತ ನೋಡುತ್ತ ಕೂರುತ್ತಾರೆ. ಅದು ಆಮೇಲಿನ ಮಾತು. ಮೊದಲು ಕೇಳಿಕೊಳ್ಳಬೇಕಾದದ್ದು ಒಂದೇ: ಈ ಕೌದಿಯನ್ನು ಒಗೆಯುವವರು ಯಾರು?

ನಾಲ್ಕು ಪದರದ ದೊಡ್ಡ ಕೌದಿ ನೀರು ಕುಡಿದರೆ ಅದರ ತೂಕ ಒಣಗಿದಾಗಿನ ದುಪ್ಪಟ್ಟನ್ನೂ ದಾಟುತ್ತದೆ. ಹಳ್ಳದ ದಂಡೆಯಲ್ಲಿ ಇಬ್ಬರು ಎರಡು ತುದಿ ಹಿಡಿದು ಹಿಂಡುತ್ತಿದ್ದ ಕಾಲಕ್ಕೆ ಅದು ಸರಿ. ಫ್ಲಾಟಿನ ಬಾಲ್ಕನಿಯಲ್ಲಿ ಒಬ್ಬಳೇ ಹಿಂಡಬೇಕಾದ ಮಗಳಿಗೆ ಏಳು ಪದರದ ಕೌದಿ ಕೊಟ್ಟರೆ ಅದು ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ. ವೃದ್ಧಾಶ್ರಮದಲ್ಲಿ ದಿನ ಬಿಟ್ಟು ದಿನ ಒಗೆಯಬೇಕಾಗುತ್ತದೆ, ಅಲ್ಲಿಗೆ ಮೂರು ಪದರ ಮೀರಬಾರದು. ಅಳತೆ, ಪದರ, ಹೊಲಿಗೆಯ ಸಾಲುಗಳ ನಡುವಿನ ಅಂತರ, ಕೊನೆಗೆ ದಾರದ ಬಣ್ಣ ಕೂಡ ಈ ಪ್ರಶ್ನೆಯ ಉತ್ತರದಿಂದಲೇ ತೀರ್ಮಾನವಾಗುತ್ತವೆ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ದೊಡ್ಡವರೊಬ್ಬರು ಹೊದೆಯಲು 60 ಇಂಚು ಅಗಲ, 90 ಇಂಚು ಉದ್ದ, ನಾಲ್ಕು ಪದರ. ಗಾಲಿ ಕುರ್ಚಿಯಲ್ಲೋ ಆರಾಮ ಕುರ್ಚಿಯಲ್ಲೋ ಕೂರುವ ಹಿರಿಯರ ಮೊಣಕಾಲ ಮೇಲೆ ಹಾಕಲು 36 × 42 ಇಂಚು, ಮೂರು ಪದರ. ಇದಕ್ಕಿಂತ ಉದ್ದ ಮಾಡಿದರೆ ಗಾಲಿಗೆ ಸಿಕ್ಕಿಕೊಳ್ಳುತ್ತದೆ. ಕೂಸಿಗೆ 30 × 36 ಇಂಚು, ಎರಡು ಅಥವಾ ಮೂರು ಪದರ. ಮೊದಲ ಬಾರಿ ಹೊಲಿಯುವವರು ದಯವಿಟ್ಟು ಕೂಸಿನ ಕೌದಿಯಿಂದ ಶುರು ಮಾಡಿ. ಮುಗಿಸಿದ ಖುಷಿ ಬೇಗ ಸಿಗುತ್ತದೆ, ಕೈಗೆ ಲಯವೂ ಬರುತ್ತದೆ.

ಬಟ್ಟೆ ಆರಿಸುವುದು

ಹತ್ತಿ ಸೀರೆ, ಧೋತರ, ಹಳೆ ಪಂಚೆ, ಮೆತ್ತಗಾದ ಬೆಡ್‌ಶೀಟು ಇವು ಕೌದಿಗೆ ಹೇಳಿಮಾಡಿಸಿದ ಬಟ್ಟೆಗಳು. ಹತ್ತು ವರ್ಷ ಒಗೆದು ಒಗೆದು ಮೆತ್ತಗಾದ ಸೀರೆಗೆ ಅಂಗಡಿಯ ಯಾವ ಹೊಸ ಬಟ್ಟೆಯೂ ಸಾಟಿಯಲ್ಲ. ಆದರೆ ಮೆತ್ತಗಾದದ್ದು ಬೇರೆ, ಜೀರ್ಣವಾದದ್ದು ಬೇರೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಎರಡು ಹೆಬ್ಬೆರಳು ಪಕ್ಕಪಕ್ಕ ಒತ್ತಿ ಹೊರಕ್ಕೆ ಜಗ್ಗಿ. ಪರ್ ಅಂತ ಎಳೆ ಬಿಟ್ಟರೆ ಆ ಭಾಗ ಬೇಡ. ಸೀರೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಸೊಂಟಕ್ಕೆ ಸಿಕ್ಕಿಸುವ ಜಾಗ, ಹಿಂಬದಿ ಕೂರುವ ಜಾಗ, ನೆಲಕ್ಕೆ ಒರೆಯುವ ಕೆಳಗಿನ ದಡಿ ಮೊದಲು ಹೋಗುತ್ತವೆ. ಸೆರಗಿನ ಕಡೆಯ ಒಡಲು ಬಹುಪಾಲು ಗಟ್ಟಿಯಾಗಿಯೇ ಉಳಿದಿರುತ್ತದೆ.

ಹತ್ತಿ ಹೌದೋ ಅಲ್ಲವೋ ಅನ್ನುವ ಅನುಮಾನ ಬಂದರೆ ಅಂಚಿನಿಂದ ನಾಲ್ಕು ಎಳೆ ಕಿತ್ತು ಬಚ್ಚಲಲ್ಲಿ ನಿಂತು ಕಡ್ಡಿ ಗೀರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ಸೀರೆಯನ್ನು ಒಳಪದರಕ್ಕೂ ಹಾಕಬೇಡಿ ಅನ್ನುವುದು ನನ್ನ ಹಟ. ಹೊಲಿಯುವಾಗ ಜಾರುತ್ತದೆ, ಬೆವರು ಹೀರುವುದಿಲ್ಲ.

ಇಳಕಲ್ ಸೀರೆ ಹಾಕುವವರು ಒಂದು ಎಚ್ಚರ ವಹಿಸಬೇಕು. ಇದರ ಸೆರಗಿನ ಹಾಸನ್ನು, ಅಂದರೆ ಉದ್ದನೆಯ ಎಳೆಗಳನ್ನು, ಬೇರೆ ಮಾಡಿ ಕೊಂಡಿ ಹಾಕಿ ಒಡಲಿನ ಹಾಸಿಗೆ ಕೂಡಿಸಿರುತ್ತಾರೆ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ. ಎರಡೂ ಒಂದೇ ಥರ ಸವೆಯುವುದಿಲ್ಲ, ಒಂದೇ ಥರ ಕುಗ್ಗುವುದೂ ಇಲ್ಲ. ಟೋಪ್ ತೆನಿ ಅನ್ನುವ ವಿನ್ಯಾಸದ ಕೆಂಪು ಸೆರಗನ್ನು ಕತ್ತರಿಸಿ ಬೇರೆ ಇಟ್ಟುಕೊಳ್ಳಿ. ಮೇಲೆ ತೇಪೆಯಾಗಿ ಹಾಕಿದರೆ ಚೆಂದ, ಆದರೆ ಬಣ್ಣ ಬಿಡುತ್ತದೆಯೋ ನೋಡದೆ ಹಾಕಬಾರದು. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಅದರ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿ ಬಟ್ಟೆ ಗುಲಾಬಿಯಾದರೆ ಆ ಸೆರಗು ಕೌದಿಗೆ ಬೇಡ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವವರಿದ್ದಾರೆ. ಸಡಿಲವಾಗಿರುವ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ.

ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ಬಿಸಿ ನೀರಲ್ಲಿ ಒಗೆದು ಒಣಗಿಸಿ. ಇಲ್ಲದಿದ್ದರೆ ಕೌದಿಯ ಮೊದಲ ಒಗೆತಕ್ಕೇ ಅದು ಕುಗ್ಗಿ, ಪಕ್ಕದ ಹಳೆ ಬಟ್ಟೆಯನ್ನು ಎಳೆದು ಸುಕ್ಕು ಮಾಡುತ್ತದೆ.

ಮೂರು ಸೀರೆಯ ಲೆಕ್ಕ

ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಅಂದರೆ ಸುಮಾರು 216 ಇಂಚು. ಅಗಲ 46 ಇಂಚು ಹಿಡಿಯಿರಿ. 60 × 90ರ ನಾಲ್ಕು ಪದರದ ಕೌದಿಗೆ ಇಂಥ ಮೂರು ಸೀರೆ ಬೇಕು.

ಮೊದಲ ಎರಡು ಸೀರೆಗಳಲ್ಲಿ ತಲಾ ಎರಡು, 92 ಇಂಚು ಉದ್ದದ ತುಂಡು ಕತ್ತರಿಸಿ. ನಾಲ್ಕು ತುಂಡಾದವು, ನಾಲ್ಕು ಪದರಕ್ಕೆ ನಾಲ್ಕು. ಎರಡೂ ಬದಿಯ ದಡಿಯನ್ನು ತಲಾ ಎರಡು ಇಂಚು ತೆಗೆದುಬಿಡಿ, ಅಗಲ 42 ಉಳಿಯುತ್ತದೆ. ದಡಿಯ ನೇಯ್ಗೆ ಒತ್ತು. ನಾಲ್ಕು ದಡಿ ಒಂದರ ಮೇಲೊಂದು ಬಂದರೆ ಸೂಜಿ ಇಳಿಯುವುದಿಲ್ಲ. ತೆಗೆದ ದಡಿಗಳನ್ನು ಎಸೆಯಬೇಡಿ, ಸುತ್ತಿಡಿ.

ಮೂರನೆಯ ಸೀರೆಯಲ್ಲೂ 92 ಇಂಚಿನ ಎರಡು ತುಂಡು ತೆಗೆದು, ಪ್ರತಿಯೊಂದನ್ನೂ ಉದ್ದಕ್ಕೆ ಸೀಳಿ. 23 ಇಂಚು ಅಗಲದ ನಾಲ್ಕು ಪಟ್ಟಿ ಸಿಗುತ್ತವೆ. ದಡಿ ತೆಗೆದರೆ 21. ಒಂದೊಂದು ಪದರಕ್ಕೆ ಒಂದೊಂದು ಪಟ್ಟಿ ಕೂಡಿಸಿ ಹೊಲಿಯಿರಿ. 42ಕ್ಕೆ 21 ಸೇರಿ 63, ಹೊಲಿಗೆಗೆ ಒಂದು ಇಂಚು ಹೋಗಿ 62. ಸುತ್ತ ಒಂದೊಂದು ಇಂಚು ಸಮ ಮಾಡಲು ಬಿಟ್ಟರೆ 60 × 90 ಬಂತು.

ಒಂದು ಪದರದಲ್ಲಿ ಪಟ್ಟಿ ಎಡಕ್ಕೆ ಬಂದರೆ ಮುಂದಿನದರಲ್ಲಿ ಬಲಕ್ಕೆ ಬರಲಿ. ಜೋಡಣೆಯ ಹೊಲಿಗೆಗಳೆಲ್ಲ ಒಂದೇ ಕಡೆ ಬಿದ್ದರೆ ಅಲ್ಲೊಂದು ಏಣು ಎದ್ದು ಮಲಗಿದವರ ಬೆನ್ನಿಗೆ ಒತ್ತುತ್ತದೆ.

ಕತ್ತರಿಸುವ ಮುನ್ನ ಸೀರೆಗಳನ್ನು ಒಗೆದು ಇಸ್ತ್ರಿ ಮಾಡಿ. ಗಂಜಿ ಉಳಿದಿದ್ದರೆ ಜಿರಳೆ ಬರುತ್ತದೆ, ಸೂಜಿಯೂ ತಡೆಯುತ್ತದೆ. ಉದ್ದಕ್ಕೆ ಸೀಳುವಾಗ ಅಂಚಿಗೆ ಚಿಕ್ಕ ಕತ್ತರಿ ಹಾಕಿ ಕೈಯಿಂದಲೇ ಹರಿಯಿರಿ. ಹತ್ತಿ ಬಟ್ಟೆ ಎಳೆಯ ಗುಂಟ ನೇರ ಹರಿಯುತ್ತದೆ, ಟೇಪು ಹಿಡಿದು ಗೆರೆ ಎಳೆದರೂ ಅಷ್ಟು ನೇರ ಬರುವುದಿಲ್ಲ.

ಹಾಸುವುದು, ಕಚ್ಚಾ ಹಾಕುವುದು

ಕೌದಿ ಕೆಟ್ಟರೆ ಕೆಡುವುದು ಈ ಹಂತದಲ್ಲಿ. ಇಲ್ಲಿ ಅವಸರ ಮಾಡಿ ಮುಂದೆ ಎಷ್ಟು ಸಣ್ಣ ಟಾಕಾ, ಅಂದರೆ ಹೊಲಿಗೆ, ಹಾಕಿದರೂ ಪ್ರಯೋಜನವಿಲ್ಲ.

ನೆಲ ಒರೆಸಿ ಒಣಗಿದ ಮೇಲೆ ಕೆಳಗಿನ ಪದರವನ್ನು ತಲೆಕೆಳಗು ಹಾಸಿ, ಅಂದರೆ ಚೆಂದದ ಬದಿ ನೆಲಕ್ಕೆ. ಮೈಗೆ ತಾಗುವ ಪದರ ಇದು, ಇರುವುದರಲ್ಲಿ ಮೆತ್ತಗಿನದು ಇಲ್ಲಿಗೇ ಬರಲಿ. ನಾಲ್ಕು ಮೂಲೆಗೆ ಅಂಟುಪಟ್ಟಿ ಹಚ್ಚಿ ನೆಲಕ್ಕೆ ಬಿಗಿ ಮಾಡಿ. ಬಟ್ಟೆ ನೇರ ನಿಂತರೆ ಸಾಕು, ಜಗ್ಗಬಾರದು. ಜಗ್ಗಿ ಅಂಟಿಸಿದರೆ ಬಿಟ್ಟ ಕೂಡಲೇ ಅದು ಮುದುಡಿ ಮೇಲಿನ ಪದರಗಳನ್ನೆಲ್ಲ ಸುಕ್ಕು ಮಾಡುತ್ತದೆ. ನಡುವಿನ ಪದರಗಳನ್ನು ಒಂದೊಂದಾಗಿ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಮೇಲಿನ ಪದರ ಚೆಂದದ ಬದಿ ಮೇಲಾಗಿ ಬರಲಿ.

ಈಗ ಯಾವುದಾದರೂ ಎದ್ದು ಕಾಣುವ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ. ನಟ್ಟನಡುವಿನಿಂದ ಶುರು ಮಾಡಿ ನಾಲ್ಕೂ ದಿಕ್ಕಿಗೆ ಹೋಗಿ, ಆಮೇಲೆ ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ ಚೌಕ ಚೌಕ ಮಾಡಿ. ಒಂದೊಂದು ಹೊಲಿಗೆ ಎರಡು ಮೂರು ಇಂಚು ಇದ್ದರೂ ನಡೆಯುತ್ತದೆ, ಆಮೇಲೆ ಬಿಚ್ಚುವುದೇ. ಗುಂಡುಸೂಜಿ ಹಾಕಿ ಮುಗಿಸುವವರಿದ್ದಾರೆ. ಮನೆಯಲ್ಲಿ ಮಕ್ಕಳಿದ್ದರೆ ಅದು ಬೇಡ, ಒಂದು ಸೂಜಿ ಪದರದೊಳಗೆ ಉಳಿದರೂ ಕಷ್ಟ.

ಹಾಸಿದ ಕೌದಿಯನ್ನು ಎತ್ತಿ ಮಗುಚಿ ನೋಡಿ. ಹಿಂಬದಿ ಎಲ್ಲಾದರೂ ಮಡಿಕೆ ಬಿದ್ದಿದ್ದರೆ ಅಷ್ಟು ಬಿಚ್ಚಿ ಮತ್ತೆ ಹಾಕಿ. ಸರಿ ಮಾಡಲು ಇದೇ ಕೊನೆಯ ಅವಕಾಶ.

ಟಾಕಾ

ಸೂಜಿ ಉದ್ದನೆಯದಿರಲಿ, ದಪ್ಪ ಬೇಡ. ದಬ್ಬಣ ಚೀಲ ಹೊಲಿಯಲು ಸರಿ, ಹಳೆ ಹತ್ತಿಯಲ್ಲಿ ಅದು ಮಾಡಿದ ತೂತು ಮುಚ್ಚಿಕೊಳ್ಳುವುದೇ ಇಲ್ಲ. ದಪ್ಪ ಹತ್ತಿ ದಾರ ಸಿಕ್ಕರೆ ಒಂದೆಳೆ, ಇಲ್ಲದಿದ್ದರೆ ಮಿಷಿನ್ ದಾರವನ್ನು ಎರಡೆಳೆ ಮಾಡಿ ಮೇಣದಬತ್ತಿಗೆ ಉಜ್ಜಿ. ಸಿಕ್ಕು ಬೀಳುವುದು ಅರ್ಧ ಕಡಿಮೆಯಾಗುತ್ತದೆ. ಕೈ ಚಾಚಿದಷ್ಟು ಉದ್ದದ ದಾರ ಮಾತ್ರ ಪೋಣಿಸಿ. ಮತ್ತೆ ಮತ್ತೆ ಪೋಣಿಸುವ ಬೇಸರಕ್ಕೆ ಮಾರುದ್ದ ಹಾಕಿದರೆ, ಬಟ್ಟೆಯಲ್ಲಿ ಹಾದು ಹಾದು ಕೊನೆಯ ತುದಿ ನವೆದು ತುಂಡಾಗುತ್ತದೆ.

ದಾರದ ತುದಿಗೆ ಚಿಕ್ಕ ಗಂಟು ಹಾಕಿ. ಹೊಲಿಗೆ ಶುರುವಾಗುವ ಜಾಗದಿಂದ ಒಂದಿಂಚು ಈಚೆಗೆ ಮೇಲಿನ ಪದರಕ್ಕೆ ಮಾತ್ರ ಸೂಜಿ ಚುಚ್ಚಿ, ಪದರಗಳ ನಡುವೆ ಹಾಯಿಸಿ ಶುರುವಿನ ಜಾಗದಲ್ಲಿ ಮೇಲೆ ತೆಗೆಯಿರಿ. ದಾರವನ್ನು ಒಮ್ಮೆ ಗಟ್ಟಿಯಾಗಿ ಎಳೆದರೆ ಟಕ್ ಅಂತ ಗಂಟು ಮೇಲಿನ ಬಟ್ಟೆ ದಾಟಿ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಗಂಟು ಕಾಣುವ ಕೌದಿ ಒಗೆದಾಗ ಅಲ್ಲಿಂದಲೇ ಬಿಚ್ಚಲು ಶುರುವಾಗುತ್ತದೆ.

ಎಡಗೈ ಕೌದಿಯ ಕೆಳಗೆ, ಬಲಗೈ ಮೇಲೆ. ಸೂಜಿಯನ್ನು ನೆಟ್ಟಗೆ ಇಳಿಸಿ. ತುದಿ ಎಡಗೈ ಬೆರಳಿಗೆ ತಾಕಿದ್ದು ಗೊತ್ತಾದಾಗ ನಾಲ್ಕೂ ಪದರ ದಾಟಿದೆ ಅಂತ ಅರ್ಥ. ಕೂಡಲೇ ಆ ಬೆರಳಿಂದ ಬಟ್ಟೆಯನ್ನು ಸ್ವಲ್ಪ ಮೇಲಕ್ಕೆ ಒತ್ತಿ, ಸೂಜಿಯ ಹಿಂಭಾಗ ಕೆಳಗೆ ಬಾಗಿಸಿದರೆ ಮೊನೆ ಮೇಲೆ ಬರುತ್ತದೆ. ಮತ್ತೆ ಇಳಿಸಿ, ಮತ್ತೆ ಬಾಗಿಸಿ. ಹೀಗೆ ಮೂರು ನಾಲ್ಕು ಟಾಕಾ ಸೂಜಿಯ ಮೇಲೆ ಕೂಡಿದ ಮೇಲೆ ಒಮ್ಮೆಲೇ ಎಳೆಯಿರಿ. ಸೂಜಿಯನ್ನು ತಳ್ಳುವ ನಡುಬೆರಳಿಗೆ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಲೋಹದ ಚಿಕ್ಕ ಟೋಪಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮೂರನೆಯ ಸಾಲಿಗೆ ಬೆರಳು ತೂತು.

ಟಾಕಾ ಕಾಲು ಇಂಚು ಇದ್ದರೆ ಚೆನ್ನಾಗಿ ಬಾಳುತ್ತದೆ. ಅರ್ಧ ಇಂಚಿಗಿಂತ ದೊಡ್ಡದಾದರೆ ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ, ಮಕ್ಕಳ ಗೆಜ್ಜೆಯಂತೂ ಸಿಕ್ಕೇ ಸಿಗುತ್ತದೆ. ಎಲ್ಲ ಟಾಕಾ ಒಂದೇ ಅಳತೆ ಬರುತ್ತಿಲ್ಲ ಅಂತ ಬಿಚ್ಚುತ್ತ ಕೂರಬೇಡಿ, ಅದು ತಾನಾಗಿ ಕೂಡಿ ಬರುತ್ತದೆ. ದಾರದ ಬಿಗಿ ಮಾತ್ರ ಮೊದಲಿನಿಂದಲೇ ಒಂದೇ ಸಮ ಇರಲಿ. ಬಟ್ಟೆ ನಿರಿಗೆಗಟ್ಟುವಷ್ಟು ಎಳೆಯಬಾರದು.

ಸಾಲಿನಿಂದ ಸಾಲಿಗೆ ಒಂದು ಇಂಚು ಬಿಟ್ಟರೆ 60 ಇಂಚು ಅಗಲಕ್ಕೆ ಹತ್ತಿರ ಹತ್ತಿರ 60 ಸಾಲು, ಸಾಲಿಗೆ 90 ಇಂಚು. ಒಟ್ಟು 5400 ಇಂಚು, ಸುಮಾರು 137 ಮೀಟರ್ ಹೊಲಿಗೆ. ಎರಡೆಳೆಯಾದರೆ ಗಂಟು, ಏರಿಳಿತ, ಉಳಿಕೆ ಎಲ್ಲ ಸೇರಿ 320 ಮೀಟರ್ ದಾರ ಮೊದಲೇ ತಂದಿಟ್ಟುಕೊಳ್ಳಿ. ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವ ಖಾತ್ರಿಯಿಲ್ಲ. ದಿನಾ ಒಗೆಯುವ ಕಡೆಗೆ ಹೋಗುವ ಕೌದಿಗೆ ಈ ಅಂತರವನ್ನು ಹಿಗ್ಗಿಸಬೇಡಿ. ಸಾಲು ದೂರವಾದಷ್ಟೂ ಒಳಪದರ ಜರುಗಿ ಒಂದು ಕಡೆ ಮುದ್ದೆಯಾಗುತ್ತದೆ.

ಮಿಷಿನ್ನಿನಲ್ಲಿ ಹೊಲಿಯಬಹುದೇ? ಮೂರು ಪದರದವರೆಗೆ ಧಾರಾಳವಾಗಿ. 16ನೇ ನಂಬರಿನ ಸೂಜಿ ಹಾಕಿ, ಹೊಲಿಗೆ ಉದ್ದ ಮಾಡಿ, ನಡುವಿನ ಸಾಲಿನಿಂದ ಹೊರಕ್ಕೆ ಹೋಗಿ. ದಾನಕ್ಕೆ ಹತ್ತಾರು ಮಾಡಬೇಕಾದಾಗ ಮಿಷಿನ್ನೇ ಸರಿ, ಕೈಹೊಲಿಗೆಯೇ ಶ್ರೇಷ್ಠ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಸಿದ್ದಿಯರ ದಾರಿ, ಮೂಲೆಯ ಹೂವು

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ಇರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೋಡಿದರೆ ಮೇಲೆ ಹೇಳಿದ ಅರ್ಧ ಕಟ್ಟಳೆ ಮರೆತುಹೋಗುತ್ತದೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಹಾಕುತ್ತ, ಬಣ್ಣದ ತುಂಡುಗಳನ್ನು ಒಂದೊಂದಾಗಿ ಇಡುತ್ತ, ಹೊಲಿಗೆಯನ್ನು ನಡುವಿಗೆ ತಂದು ಮುಟ್ಟಿಸುತ್ತಾರೆ. ತುಂಡು ಕೂಡಿಸುವ ಕೆಲಸವೂ ಪದರ ಬಿಗಿಯುವ ಕೆಲಸವೂ ಒಟ್ಟಿಗೇ ಮುಗಿಯುತ್ತದೆ. ಕೈ ಪಳಗಿದ ಮೇಲೆ ಪ್ರಯತ್ನಿಸಿ. ಕಚ್ಚಾ ಇಲ್ಲದೆ ಅಂಚಿನಿಂದ ಒಳಗೆ ಬರುವಾಗ ಸುಕ್ಕೆಲ್ಲ ನಡುವಿಗೆ ಸರಿದು ಕೂಡಿಕೊಳ್ಳುತ್ತದೆ, ಅದನ್ನು ಸವರಿ ಸವರಿ ಕರಗಿಸುವುದು ಅಭ್ಯಾಸದಿಂದ ಬರುವ ವಿದ್ಯೆ.

ಅವರ ಕೌದಿಯ ಮೂಲೆಯಲ್ಲಿ ಮಡಿಸಿದ ತ್ರಿಕೋನಗಳನ್ನು ಜೋಡಿಸಿದ ಫೂಲ, ಅಂದರೆ ಹೂವು, ಇರುತ್ತದೆ. ಅದಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ನೀವೂ ಮಾಡಬಹುದು: ನಾಲ್ಕು ಇಂಚಿನ ಚೌಕವನ್ನು ಕರ್ಣಕ್ಕೆ ಮಡಿಸಿ, ಮತ್ತೊಮ್ಮೆ ಮಡಿಸಿ ಚಿಕ್ಕ ತ್ರಿಕೋನ ಮಾಡಿ. ಬಿಚ್ಚು ಅಂಚುಗಳನ್ನು ಕೌದಿಯ ಮೂಲೆಯ ಪದರಗಳ ನಡುವೆ ತೂರಿಸಿ, ಮೊನೆ ಹೊರಗೆ ಬರುವಂತೆ ಹೊಲಿಯಿರಿ.

ಅಂಚಿಗೆ, ಸುತ್ತಿಟ್ಟ ದಡಿಗಳಲ್ಲಿ ಸವೆಯದವನ್ನು ಈಗ ತೆಗೆಯಿರಿ. ಕೌದಿಯ ಸುತ್ತಳತೆ 300 ಇಂಚು, 92 ಇಂಚಿನ ನಾಲ್ಕು ದಡಿ ಕೂಡಿಸಿದರೆ ಸಾಕು. ಎರಡು ಇಂಚಿನ ದಡಿಯ ಎರಡೂ ಬದಿ ಅರ್ಧ ಅರ್ಧ ಇಂಚು ಒಳಗೆ ಮಡಿಸಿ, ಕೌದಿಯ ಅಂಚನ್ನು ಅದರ ಬಾಯಿಗೆ ಕೊಟ್ಟು, ಹಿಂದೆ ಮುಂದೆ ಒಟ್ಟಿಗೆ ಹಿಡಿದು ಹೊಲಿಯಿರಿ. ಕೌದಿ ಮೊದಲು ಹರಿಯುವುದು ಅಂಚಿನಲ್ಲೇ, ಅದಕ್ಕೇ ಸೀರೆಯ ಗಟ್ಟಿ ಭಾಗ ಅಲ್ಲಿಗೆ. ಕೊನೆಯ ಮೂಲೆ ಮುಚ್ಚುವ ಮುನ್ನ ನಾಲ್ಕು ಅಕ್ಕಿಕಾಳು ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಹಾಕಿ, ಆದರೆ ನಾಲ್ಕೇ. ಹಿಡಿ ತುಂಬ ಹಾಕಿದರೆ ಇಲಿಗೆ ಆಮಂತ್ರಣ.

ಕೂಸಿಗೆ

ಹೆಸರಿಡುವ ಕಾರ್ಯಕ್ಕೆ ಪುಟ್ಟ ಕೌದಿಯ ಜೊತೆ ಕುಂಚಿಗೆ, ಅಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಟೋಪಿ, ಕೊಟ್ಟರೆ ಉಡುಗೊರೆ ತುಂಬಿ ಬರುತ್ತದೆ. ಕುಬುಸಕ್ಕೆ ಬಳಸುವ ಗುಳೇದಗುಡ್ಡದ ಖಣ ಇದಕ್ಕೆ ತಕ್ಕ ಬಟ್ಟೆ, ಒಳಗೆ ಮಾತ್ರ ಮೆತ್ತನೆ ಹತ್ತಿಯ ಅಸ್ತರ ಬೇಕೇ ಬೇಕು.

ತಲೆಗೆ 16 × 7 ಇಂಚಿನ ತುಂಡು. 16 ಇಂಚನ್ನು ಮಧ್ಯಕ್ಕೆ ಮಡಿಸಿ, ಒಂದು ಬದಿಯ 8 ಇಂಚು ಹೊಲಿದರೆ ಅದೇ ತಲೆಯ ಹಿಂಬದಿ. ಎದುರು ಬದಿ ಮುಖಕ್ಕೆ ತೆರೆದಿರುತ್ತದೆ. ಮೈಗೆ 36 × 20 ಇಂಚಿನ ತುಂಡು. ಅದರ 36 ಇಂಚಿನ ಮೇಲಂಚಿಗೆ ದಾರ ಓಡಿಸಿ ನೆರಿಗೆ ಕೂಡಿಸಿ, ತಲೆತುಂಡಿನ ಕೆಳಗಿನ ಅಂಚಿನಷ್ಟಕ್ಕೆ, ಸುಮಾರು 13 ಇಂಚಿಗೆ ತಂದು ಜೋಡಿಸಿ. ಖಣದ ಪನ್ನಾ, ಅಂದರೆ ಅಗಲ, ಕಡಿಮೆ ಬಂದರೆ 30 ಇಂಚಿಗೂ ಆಗುತ್ತದೆ, ನೆರಿಗೆ ಸ್ವಲ್ಪ ತೆಳುವಾಗುತ್ತದೆ ಅಷ್ಟೆ. ಅಸ್ತರವನ್ನೂ ಇದೇ ಅಳತೆಗೆ ಬೇರೆ ಹೊಲಿದು, ಚೆಂದದ ಬದಿಗಳು ಎದುರುಬದುರಾಗುವಂತೆ ಸೇರಿಸಿ ಸುತ್ತ ಹೊಲಿಯಿರಿ. ಒಂದು ಗೇಣು ಬಾಯಿ ಬಿಟ್ಟು, ಅಲ್ಲಿಂದ ಮಗುಚಿ ಮುಚ್ಚಿ.

ಮಣಿ, ಗುಂಡಿ, ಗೆಜ್ಜೆ, ಉದ್ದನೆಯ ಕಟ್ಟುವ ಲಾಡಿ ಯಾವುದೂ ಬೇಡ. ಮಣಿ ಕಿತ್ತು ಬಾಯಿಗೆ ಹೋಗುತ್ತದೆ, ಲಾಡಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕುಂಚಿಗೆ ಹೊರಗೆ ಕರೆದೊಯ್ಯುವಾಗ ಹಾಕಲಿಕ್ಕೆ, ಮಲಗಿಸುವಾಗ ತೆಗೆಯಬೇಕು. ವರ್ಷ ತುಂಬದ ಕೂಸು ಮಲಗಿದಾಗ ಮೇಲೆ ಸಡಿಲ ಹೊದಿಕೆ ಹಾಕಬಾರದು ಅನ್ನುತ್ತಾರೆ ಮಕ್ಕಳ ವೈದ್ಯರು, ಮುಖದ ಮೇಲೆ ಸರಿದರೆ ಉಸಿರು ಕಟ್ಟುತ್ತದೆ. ಪುಟ್ಟ ಕೌದಿ ಎಚ್ಚರವಿರುವಾಗ ಹಾಸಿ ಆಡಿಸಲು, ತೊಡೆಯ ಮೇಲೆ ಹಾಕಿಕೊಳ್ಳಲು. ಉಡುಗೊರೆ ಕೊಡುವಾಗ ಬಾಣಂತಿಗೆ ಇದನ್ನು ಬಾಯಿಬಿಟ್ಟು ಹೇಳಿ.

ಇನ್ನೊಂದು ಎಚ್ಚರ ನುಸಿಗುಳಿಗೆಯದು. ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಬಟ್ಟೆಯನ್ನು ನೇರ ಹಸುಗೂಸಿಗೆ ಹೊದೆಸಬಾರದು. ಜಿ6ಪಿಡಿ ಅನ್ನುವ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರುತ್ತದೆ. ಒಣಗಿದ ಬೇವಿನ ಎಲೆ ಹಾಕಿಡಿ.

ಉಳಿದ ತುಂಡುಗಳು

ಏಳು ಇಂಚಿನ ಚೌಕಗಳನ್ನು ಆರೆಂಟು ಪದರ ಒಟ್ಟಿ ಒತ್ತಾಗಿ ಹೊಲಿದರೆ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಾಯಿತು. ನಡುವೆ ಹಳೆ ಟವೆಲ್ ಇದ್ದರೆ ಇನ್ನೂ ಒಳ್ಳೆಯದು. ಇದರಲ್ಲಿ ದಾರವೂ ಸೇರಿ ಎಲ್ಲ ಹತ್ತಿಯದೇ ಇರಲಿ, ಪಾಲಿಯೆಸ್ಟರ್ ಬೆಂಕಿಗೆ ಕರಗಿ ಕೈಗೆ ಅಂಟುತ್ತದೆ. ಎಲೆಅಡಿಕೆ ಹಾಕುವ ಅಜ್ಜಿಗೆ ಸಂಚಿ, ಬಿಸಿ ರೊಟ್ಟಿ ಸುತ್ತಿಡಲು ಎರಡು ಪದರದ ಚೌಕ ಇವು ಒಂದು ಮಧ್ಯಾಹ್ನದ ಕೆಲಸ.

ದಾನಕ್ಕೆ ಕೊಡುವಾಗ

ಮೊದಲು ಹೋಗಿ ಕೇಳಿ, ಆಮೇಲೆ ಹೊಲಿಯಿರಿ. ಕೆಲವು ಆಸ್ಪತ್ರೆಗಳು ಹಳೆ ಬಟ್ಟೆಯದನ್ನು ತೆಗೆದುಕೊಳ್ಳುವುದಿಲ್ಲ, ಹೊಸ ಬಟ್ಟೆಯದೇ ಬೇಕು ಅನ್ನುತ್ತವೆ. ಕೆಲವು ಆಶ್ರಮಗಳಲ್ಲಿ ಹೊದಿಕೆ ಬೇಕಾದಷ್ಟಿದ್ದು, ಬೇಕಾಗಿರುವುದು ಮಂಚದ ಮೇಲಿನ ಹಾಸು. ಎಷ್ಟು ಜನ, ಒಗೆಯುವುದು ಕೈಯಲ್ಲೋ ಮಿಷಿನ್ನಲ್ಲೋ, ಒಣಗಿಸಲು ಜಾಗ ಎಷ್ಟು ಅಂತ ಕೇಳಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ. ಗುಂಪಾಗಿ ಹೊಲಿಯುವುದಾದರೆ ಎಲ್ಲವೂ ಒಂದೇ ಅಳತೆಯಲ್ಲಿರಲಿ, ಬಣ್ಣ ಮಾತ್ರ ಬೇರೆ ಬೇರೆ. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗುವ ಕಡೆ ನನ್ನದು ಯಾವುದು ಅಂತ ಗುರುತು ಹಿಡಿಯಲು ಬಣ್ಣ ಬೇಕು. ಒಬ್ಬರದು ದೊಡ್ಡದು ಇನ್ನೊಬ್ಬರದು ಚಿಕ್ಕದಾದರೆ ಜಗಳ.

2009ರಲ್ಲೂ 2019ರಲ್ಲೂ ಉತ್ತರ ಕರ್ನಾಟಕದಲ್ಲಿ ನೆರೆ ಬಂದಿತ್ತು. ಅಂಥ ಹೊತ್ತಲ್ಲಿ ಬೇಕಾಗುವುದು ಬೇಗ ಒಣಗುವ, ಹಗುರ ಹೊದಿಕೆ. ಮಳೆಗಾಲದಲ್ಲಿ ಪರಿಹಾರ ಕೇಂದ್ರಕ್ಕೆ ನಾಲ್ಕು ಪದರದ ಕೌದಿ ಕಳಿಸಿದರೆ ಒಮ್ಮೆ ಒದ್ದೆಯಾದದ್ದು ಒಣಗದೆ ಮುಗ್ಗುತ್ತದೆ. ಎರಡು ಪದರ ಸಾಕು. ಹರಿದದ್ದು, ಕಲೆಯಾದದ್ದು ಕಳಿಸಬೇಡಿ. ನಮ್ಮ ಮನೆಯವರು ಹೊದೆಯಲಾರದ್ದನ್ನು ಇನ್ನೊಬ್ಬರ ಮೇಲೆ ಹಾಕುವುದು ದಾನವಲ್ಲ.

ಕೊಡುವ ಮುನ್ನ ಒಮ್ಮೆ ತಣ್ಣೀರಲ್ಲಿ ಸೋಪಿನ ಪುಡಿ ಹಾಕಿ ಒಗೆಯಿರಿ. ಬಣ್ಣ ಬಿಟ್ಟರೆ, ಟಾಕಾ ಬಿಚ್ಚಿದರೆ ಅದು ನಿಮ್ಮ ಮನೆಯಲ್ಲೇ ಗೊತ್ತಾಗಲಿ. ಒಣಗಿಸುವಾಗ ಒಂದೇ ಹಗ್ಗಕ್ಕೆ ನೇತುಹಾಕಬೇಡಿ, ನೀರಿನ ಭಾರಕ್ಕೆ ನಡುವಿನ ಹೊಲಿಗೆ ಜಗ್ಗುತ್ತದೆ. ಪಕ್ಕಪಕ್ಕ ಎರಡು ಹಗ್ಗದ ಮೇಲೆ ಹರವಿ, ಮಧ್ಯಾಹ್ನ ಮಗುಚಿ ಹಾಕಿ. ಪೂರ್ತಿ ಒಣಗಿದ ಮೇಲೆ ಮಡಿಸಿ, ‘ತಣ್ಣೀರಲ್ಲೇ ಒಗೆಯಿರಿ, ಬಿಸಿಲಲ್ಲಿ ಹರವಿ ಒಣಗಿಸಿ’ ಅಂತ ಚೀಟಿ ಬರೆದು ಮಡಿಕೆಯೊಳಗೆ ಇಟ್ಟು ಕೊಡಿ. ಗುಂಡುಸೂಜಿಯಿಂದ ಮಾತ್ರ ಚುಚ್ಚಬೇಡಿ.